ಸರ್ವರ್‌ಗೆ ನುಗ್ಗಿದ ಸಲಗ

ತೋಟಕ್ಕೆ ಆನೆ ಬಂದರೆ ಏನು ಮಾಡಬೇಕೆಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲದ್ದಿ ಹಸಿಯೋ ಒಣಗಿದ್ದೋ, ಒಂಟಿ ಸಲಗವೋ ಹಿಂಡೋ ಎಂದು ಮೊದಲು ನೋಡುತ್ತಾರೆ. ಇವತ್ತು ಯಾರೂ ತೋಟಕ್ಕೆ ಇಳಿಯಬೇಡಿ ಎಂದು ಲೈನ್‌ಮನೆಗೆ ಫೋನ್ ಹೋಗುತ್ತದೆ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟುತ್ತದೆ. ಓಡಿಸಿಯಾದ ಮೇಲೆ ಸೋಲಾರ್ ಬೇಲಿ ಎಲ್ಲಿ ತುಂಡಾಗಿದೆಯೆಂದು ಹುಡುಕುತ್ತಾರೆ. ಸೈಬರ್ ದಾಳಿಯಾದಾಗ ನಡೆಯಬೇಕಾದ ಕ್ರಮವೆಂದು ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಬರೆದಿಟ್ಟಿರುವುದೂ ಹೆಚ್ಚುಕಡಿಮೆ ಇಷ್ಟೇ. ಆದರೆ ಅದೇ ಬೆಳೆಗಾರರು ಯಾವುದೋ ಸೊಸೈಟಿಯ ಆಡಳಿತ ಮಂಡಳಿಯಲ್ಲಿ ಕುಳಿತಿರುವಾಗ ಸೈಬರ್ ದಾಳಿಯೆಂಬ ಸಲಗ ಅದರ ಲೆಕ್ಕಪತ್ರವಿರುವ ಸರ್ವರ್ ಕಂಪ್ಯೂಟರಿಗೆ ನುಗ್ಗಿತೋ, ಹಂತಗಳೇ ಬೇರೆ.

ಮೊದಲನೆಯದು ಕರೆಂಟನ್ನು ಬೈಯುವ ಹಂತ. ಸೋಮವಾರ ಬೆಳಿಗ್ಗೆ ಸಾಲದ ಲೆಡ್ಜರ್ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿಗೂ ಹೊಸ ಬಾಲ ಬೆಳೆದಿದೆ. ಪ್ರತಿ ಫೋಲ್ಡರಿನಲ್ಲೂ ಫೈಲುಗಳ ಬೀಗ ತೆಗೆಯಲು ಬಿಟ್‌ಕಾಯಿನ್ ಕೇಳುವ ಚೀಟಿ. "ನಿನ್ನೆ ಮಳೆಗೆ ನಾಲ್ಕು ಸಲ ಕರೆಂಟ್ ಹೋಗಿ ಬಂತಲ್ಲ ಮಾರಾಯ್ರೇ, ಅದರದ್ದೇ ಕಿತಾಪತಿ."

ಆಮೇಲೆ ಆಫ್ ಮಾಡಿ ಆನ್ ಮಾಡುವುದು. ಯಾವ ಪ್ರೋಗ್ರಾಂ ಓಡುತ್ತಿತ್ತು, ಹೊರಗಿನ ಯಾವ ವಿಳಾಸದ ಜೊತೆ ಮಾತಾಡುತ್ತಿತ್ತು, ಅದೃಷ್ಟವಿದ್ದರೆ ಬೀಗದ ಕೀಲಿ ಕೂಡ, ಇದೆಲ್ಲ ಇರುವುದು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮಿನಲ್ಲಿ. ಸ್ವಿಚ್ ಆರಿಸಿದ ಕ್ಷಣ ಅಷ್ಟೂ ಮಾಯ. ಕೀಳಬೇಕಾಗಿದ್ದದ್ದು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಲ್ಯಾನ್ ವೈರು. ಅದನ್ನು ಕಿತ್ತರೆ ರಸೀದಿ ಪ್ರಿಂಟ್ ಆಗುವುದಿಲ್ಲವಾದ್ದರಿಂದ ಯಾರೂ ಮುಟ್ಟುವುದಿಲ್ಲ. ಬದಲಿಗೆ ಪೆನ್‌ಡ್ರೈವ್ ಚುಚ್ಚಿ, ಫೈಲನ್ನು ಗೊಬ್ಬರದ ಗೋದಾಮಿನ ಕಂಪ್ಯೂಟರಿಗೆ ಒಯ್ದು, ಅಲ್ಲಾದರೂ ತೆರೆಯುತ್ತದೋ ಎಂದು ನೋಡುತ್ತಾರೆ. ಸಲಗಕ್ಕೆ ಪಕ್ಕದ ತೋಟದ ಗೇಟನ್ನೂ ತೆಗೆದುಕೊಟ್ಟಂತಾಯಿತು.

ಬ್ಯಾಕಪ್ ಇಲ್ಲವೇ ಅಂದಿರಾ? ಧಾರಾಳವಾಗಿ ಇದೆ. ಆಯುಧಪೂಜೆಯ ಕುಂಕುಮ ಇನ್ನೂ ಮಾಸದ ಹಾರ್ಡ್‌ಡಿಸ್ಕ್ ಹಗಲೂ ರಾತ್ರಿ ಸರ್ವರಿಗೇ ಕಚ್ಚಿಕೊಂಡಿದೆ. ಡಿ ಡ್ರೈವಿಗೆ ಬೀಗ ಜಡಿದು ಸುಲಿಗೆ ಹಣ ಕೇಳುವ ರ್‍ಯಾನ್ಸಮ್‌ವೇರ್ ಎಫ್ ಡ್ರೈವಿನ ಕುಂಕುಮ ನೋಡಿ ಕೈಮುಗಿದು ಹೋಗುತ್ತದೆಯೇ? ವಿಂಡೋಸ್ ತಾನಾಗಿ ತೆಗೆದಿಟ್ಟ ಶ್ಯಾಡೋ ಪ್ರತಿಗಳನ್ನೂ ಸಾಮಾನ್ಯವಾಗಿ ಅದು ಅಳಿಸಿಯೇ ಬಿಡುತ್ತದೆ. 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಕಡೆ ಎಂಬುದು ಲೆಕ್ಕ. ಒಂದಾದರೂ ಯಾವ ವೈರಿಗೂ ಅಂಟಿರಬಾರದು. ವರ್ಷಕ್ಕೊಮ್ಮೆಯಾದರೂ ಅದರಿಂದ ಲೆಡ್ಜರನ್ನು ವಾಪಸ್ ತೆಗೆದು ನೋಡಿರಬೇಕು.

2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಹೋಗಬೇಕು. ಇಲ್ಲಿ ವರದಿಗೆ ತುರ್ತು ಸಭೆಯ ಒಪ್ಪಿಗೆ ಬೇಕು, ಸಭೆಗೆ ನೋಟಿಸ್ ಬೇಕು, ನೋಟಿಸಿನ ನಮೂನೆ ಬೀಗ ಬಿದ್ದ ಫೋಲ್ಡರಿನಲ್ಲಿದೆ. ಕಂಪ್ಯೂಟರಿನಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆ, ಅಂದರೆ ಲಾಗ್, 180 ದಿನದ್ದು ಇಟ್ಟಿರಬೇಕೆಂದೂ ಅದೇ ನಿರ್ದೇಶನ ಹೇಳುತ್ತದೆ. ಡಿಸ್ಕ್ ತುಂಬುತ್ತದೆಂದು ಲಾಗನ್ನು ತಿಂಗಳಿಗೊಮ್ಮೆ ಗುಡಿಸಿ ಹಾಕುವ ಪದ್ಧತಿ ನಮ್ಮದು.

ಇನ್ನು ನಿರ್ಮೂಲನೆ. ಅಧ್ಯಕ್ಷರ ಸ್ವಂತ ಅರೇಬಿಕಾ ತೋಟದಲ್ಲಿ ಕಾಂಡಕೊರಕ ಹಿಡಿದ ಗಿಡ ಕಂಡರೆ ಬೇರುಸಹಿತ ಕಿತ್ತು ಸುಡಿಸುತ್ತಾರೆ. ಕಿತ್ತದ್ದನ್ನು ತೋಟದಲ್ಲೇ ರಾಶಿ ಹಾಕಿದರೆ ಒಳಗಿನ ಹುಳ ದುಂಬಿಯಾಗಿ ಹೊರಬಂದು ಪಕ್ಕದ ಗಿಡಕ್ಕೆ ಮೊಟ್ಟೆಯಿಡುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಸರ್ವರ್‌ಗೆ ಮಾತ್ರ ಪುಕ್ಕಟೆ ಆಂಟಿವೈರಸ್ ಓಡಿಸಿ, ಹಸಿರು ಟಿಕ್ ಬಂದೊಡನೆ ಕಾಫಿ ತರಿಸುತ್ತಾರೆ. ಡಿಸ್ಕ್ ಪೂರ್ತಿ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿ, ಎಲ್ಲರ ಪಾಸ್‌ವರ್ಡ್ ಬದಲಿಸಿ, ಬೇಲಿ ತುಂಡಾದ ಜಾಗ ಮುಚ್ಚಬೇಕಿತ್ತು.

ಆ ಜಾಗ ಹುಡುಕುವ ಕಷ್ಟವೂ ಇಲ್ಲ. ಮಳೆಯಲ್ಲಿ ಮೈಸೂರಿನಿಂದ ಆನೆಕಾಡು ದಾಟಿ ಬರಲು ಬೇಸರಪಟ್ಟ ಸಾಫ್ಟ್‌ವೇರಿನವರು ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389 ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದರು. ಪಾಸ್‌ವರ್ಡ್ ಸೊಸೈಟಿಯ ಹೆಸರು, ಕೊನೆಗೆ 123. ವಿಪಿಎನ್ ಎಂಬ ಖಾಸಗಿ ದಾರಿ ಹಾಕಿ, ಒಟಿಪಿ ಇಡಿ ಎಂದರೆ ಅಧ್ಯಕ್ಷರಿಗೆ ಒಂದೇ ಚಿಂತೆ: "ಮುಚ್ಚಿದರೆ ಅವರು ಒಳಗೆ ಬರುವುದು ಹೇಗೆ?"

ಪಾಠ ಕಲಿಯುವ ಕೊನೆಯ ಹಂತವನ್ನು ಮಾತ್ರ ಶಾಸ್ತ್ರೋಕ್ತವಾಗಿ ಮುಗಿಸಲಾಯಿತು. "ಸಿಬ್ಬಂದಿ ಇನ್ನು ಮುಂದೆ ಪೆನ್‌ಡ್ರೈವ್ ಬಳಸತಕ್ಕದ್ದಲ್ಲ" ಎಂಬ ಸುತ್ತೋಲೆ ಸಿದ್ಧವಾಯಿತು. ಆಫೀಸಿನ ಪ್ರಿಂಟರ್ ಇನ್ನೂ ಸರಿಯಾಗಿರಲಿಲ್ಲ. ಸುತ್ತೋಲೆಯನ್ನು ಪೆನ್‌ಡ್ರೈವಿಗೆ ಹಾಕಿ ಎದುರಿನ ಜೆರಾಕ್ಸ್ ಅಂಗಡಿಗೆ ಕಳಿಸಿ 12 ಪ್ರತಿ ತೆಗೆಸಿದರು.