ಐದು ಸಾವಿರ ಕಟ್ಟುವವನಿಗೆ ಮೂರೂವರೆ ಸಾವಿರದ ಯೋಗ್ಯತೆ ಇಲ್ಲ

ಲೆಕ್ಕ ಸುಲಭವಾಗಿದೆ. ಕ್ರೆಡಿಟ್ ಕಾರ್ಡಿನಲ್ಲಿ ಒಂದು ಲಕ್ಷ ರೂಪಾಯಿ ಬಾಕಿ ಇದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ ಶೇ. 3.5 ಬಡ್ಡಿ, ಅಂದರೆ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅದು 630. ಎರಡೂ ಸೇರಿ 4,130. ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ 'ಮಿನಿಮಮ್ ಡ್ಯೂ', ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ, ಬಾಕಿಯ ಶೇ. 5, ಅದು 5,000. ನೀವು ಮರ್ಯಾದಸ್ಥರು, ಕಟ್ಟಿದಿರಿ. ಅಸಲಿಗೆ ಹೋಗಿದ್ದು 870 ರೂಪಾಯಿ.

ಹೀಗೇ ಪ್ರತಿ ತಿಂಗಳೂ ಆಗಿನ ಬಾಕಿಯ ಶೇ. 5ರ ಮಿನಿಮಮ್ ಕಟ್ಟುತ್ತಾ ಹೋಗಿ. ಹೊಸದಾಗಿ ಒಂದು ಬೆಂಕಿಪೊಟ್ಟಣವನ್ನೂ ಕಾರ್ಡಿನಲ್ಲಿ ಕೊಳ್ಳಬೇಡಿ. ಆರೂವರೆ ವರ್ಷ ಕಳೆಯುವ ಹೊತ್ತಿಗೆ ನೀವು ಸುಮಾರು 2 ಲಕ್ಷ 84 ಸಾವಿರ ರೂಪಾಯಿ ಕಟ್ಟಿರುತ್ತೀರಿ. ಬಾಕಿ ಎಷ್ಟು ಉಳಿದಿರುತ್ತದೆ ಗೊತ್ತಾ? ಇನ್ನೂ ಅರ್ಧ ಲಕ್ಷ.

ಇದೇ ಒಂದು ಲಕ್ಷವನ್ನು ಶೇ. 15ರ ಬಡ್ಡಿಗೆ ಮೂರು ವರ್ಷದ ಪರ್ಸನಲ್ ಲೋನ್ ಮಾಡಿಕೊಂಡರೆ ಇಎಂಐ 3,467 ರೂಪಾಯಿ. ಮೂರು ವರ್ಷಕ್ಕೆ ಒಟ್ಟು ಒಂದೂಕಾಲು ಲಕ್ಷ ಕಟ್ಟಿದರೆ ಸಾಲ ಮುಗಿಯಿತು. ಹೈಸ್ಕೂಲ್ ಹುಡುಗನಿಗೂ ಅರ್ಥವಾಗುವ ವಿಷಯ. ಹಾಗಾಗಿ ಕಾರ್ಡಿನ ಯಜಮಾನ ಒಂದು ದಿನ ರಜೆ ಹಾಕಿ ಬ್ಯಾಂಕಿಗೆ ಹೋಗುತ್ತಾನೆ.

'ಸರ್, ಒಂದು ಲಕ್ಷ ಪರ್ಸನಲ್ ಲೋನ್ ಬೇಕಿತ್ತು. ಕಾರ್ಡ್ ಬಾಕಿ ತೀರಿಸೋಕೆ.'

'ನಿಮ್ಮ ಸಿಬಿಲ್ ಸ್ಕೋರ್ ಕಮ್ಮಿ ಇದೆಯಲ್ಲ ಸರ್.'

'ಯಾಕೆ ಕಮ್ಮಿ ಸರ್? ಒಂದು ತಿಂಗಳೂ ತಪ್ಪಿಸಿಲ್ಲ ನಾನು.'

'ತಪ್ಪಿಸಿಲ್ಲ, ಸರಿ. ಆದ್ರೆ ಕಾರ್ಡ್ ಬಾಕಿ ಜಾಸ್ತಿ ಇದೆ ನೋಡಿ.'

'ಅದನ್ನ ತೀರಿಸೋಕೇ ಕೇಳ್ತಿರೋದು.'

'ತೀರಿಸಿಬಿಟ್ಟು ಬನ್ನಿ, ಕೊಡೋಣ.'

'ತೀರಿಸಿದ ಮೇಲೆ ನನಗೆ ಸಾಲ ಯಾಕೆ ಬೇಕು ಸರ್?'

'ನಂದೇನಿಲ್ಲ ಸರ್. ಸಿಸ್ಟಮ್ ತಗೊಳ್ತಾ ಇಲ್ಲ.'

ಸಿಬಿಲ್ ಸ್ಕೋರ್ ಅಂದರೆ ನೀವು ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕ. ಅದನ್ನು ನೋಡಿ ಬೇಡ ಎನ್ನುವ ಈ ಸಿಸ್ಟಮ್ ಎಲ್ಲಿ ಕೂತಿರುತ್ತದೆ ಅಂತ ಮ್ಯಾನೇಜರ್ ಸಾಹೇಬರಿಗೂ ಗೊತ್ತಿಲ್ಲ. ಅದಕ್ಕೆ ಅರ್ಜಿ ಬರೆಯುವಂತಿಲ್ಲ, ಕಾಫಿ ಕೊಡಿಸುವಂತಿಲ್ಲ. ಅದರ ಪ್ರಕಾರ ತಿಂಗಳಿಗೆ 5,000 ಕಟ್ಟುತ್ತಿರುವ ಮನುಷ್ಯನಿಗೆ 3,467 ಕಟ್ಟುವ ಶಕ್ತಿ ಇಲ್ಲ. ಆದ್ದರಿಂದ ಅವನು 5,000ವನ್ನೇ ಕಟ್ಟುತ್ತಾ ಇರಬೇಕು. ಶೇ. 42ರ ಬಡ್ಡಿಗೆ ನಂಬಿಕಸ್ಥ, ಶೇ. 15ರ ಬಡ್ಡಿಗೆ ಅಪಾಯಕಾರಿ.

ಅಪಾಯದ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ ಇದೆ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಅಡಮಾನವಿಲ್ಲದ ಸಾಲಗಳು ಮಿತಿಮೀರುತ್ತಿವೆ ಎಂದು ಬ್ಯಾಂಕುಗಳ ಕಿವಿ ಹಿಂಡಿತು. ಸಾಲ ಎಷ್ಟು ಅಪಾಯದ್ದು, ಅದಕ್ಕೆ ಬ್ಯಾಂಕು ಎಷ್ಟು ಬಂಡವಾಳ ಎತ್ತಿಡಬೇಕು ಎಂದು ಅಳೆಯುವ 'ರಿಸ್ಕ್ ವೇಯ್ಟ್' ಒಂದಿದೆ. ಪರ್ಸನಲ್ ಲೋನಿನದನ್ನು ಶೇ. 100ರಿಂದ 125ಕ್ಕೆ, ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಯದನ್ನು 125ರಿಂದ 150ಕ್ಕೆ ಏರಿಸಿತು. ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲೇ ಪರ್ಸನಲ್ ಲೋನಿಗಿಂತ ಕಾರ್ಡ್ ಬಾಕಿ ಹೆಚ್ಚು ಅಪಾಯ. ಅಂದಮೇಲೆ ಗಿರಾಕಿಯನ್ನು ಕಾರ್ಡಿನಿಂದ ಇಳಿಸಿ ಲೋನಿಗೆ ಹತ್ತಿಸಿದರೆ ಅಪಾಯ ಇಳಿಯಬೇಕಲ್ವಾ? ಇದನ್ನು ಸಿಸ್ಟಮ್‌ಗೆ ಹೇಳುವವರು ಯಾರು?

ಒಂದು ಬ್ಯಾಂಕು ಇಲ್ಲ ಅಂದಿತು ಅಂತ ಇನ್ನೊಂದಕ್ಕೆ ಹೋದರೆ ಅದೂ ತಪ್ಪೇ. ಪ್ರತಿ ಅರ್ಜಿಯೂ ಕ್ರೆಡಿಟ್ ರಿಪೋರ್ಟಿನಲ್ಲಿ 'ಎನ್‌ಕ್ವಯರಿ' ಎಂದು ದಾಖಲಾಗುತ್ತದೆ. ನಾಲ್ಕು ಕಡೆ ಕೇಳಿದರೆ ಸ್ಕೋರು ಇನ್ನಷ್ಟು ಇಳಿಯುತ್ತದೆ. ಹಸಿದವನಿಗೆ ಊಟ ಹಾಕಬಾರದು, ಯಾಕೆಂದರೆ ಅವನಿಗೆ ಹಸಿವಿದೆ ಎನ್ನುವ ಛತ್ರದ ಹಾಗೆ. ಅದೇ ದಿನ ಸಂಜೆ ಅದೇ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ: 'ಅಭಿನಂದನೆಗಳು! ನಿಮ್ಮ ಕಾರ್ಡ್ ಲಿಮಿಟ್ ಹೆಚ್ಚಿಸಿಕೊಳ್ಳಲು ನೀವು ಅರ್ಹರು.' ಬ್ರಾಂಚಿನಲ್ಲಿ ಕೂತ ಸಿಸ್ಟಮ್ಮೇ ಬೇರೆ, ಮೆಸೇಜ್ ಕಳಿಸುವ ಸಿಸ್ಟಮ್ಮೇ ಬೇರೆ. ಇಬ್ಬರಿಗೂ ಮಾತುಕತೆ ಇಲ್ಲ.

ಆ 630 ರೂಪಾಯಿಗೂ ಒಂದು ನಮಸ್ಕಾರ ಹಾಕಬೇಕು. ಮನೆ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕಾರ್ ಲೋನಿನ ಬಡ್ಡಿಗೆ ಇಲ್ಲ. ಒಡವೆ ಅಡ ಇಟ್ಟರೆ ಆ ಬಡ್ಡಿಗೂ ಇಲ್ಲ. ಒಡವೆ ಕೊಂಡರೆ ಚಿನ್ನದ ಮೇಲೆ ಶೇ. 3. ಕಾರ್ಡಿನ ಬಡ್ಡಿಗೆ ಮಾತ್ರ ಶೇ. 18. ಅಂದರೆ ಸರ್ಕಾರದ ದೃಷ್ಟಿಯಲ್ಲಿ ಚಿನ್ನ ಕೊಳ್ಳುವವನಿಗಿಂತ ಬಡ್ಡಿಯಲ್ಲಿ ಮುಳುಗಿದವನೇ ಶ್ರೀಮಂತ. ಮುಳುಗುವುದೂ ಒಂದು ಸೇವೆ, ಸೇವೆಗೆ ತೆರಿಗೆ ಇರಲೇಬೇಕು.

ಇನ್ನು ಬಡ್ಡಿಯ ಮಾತು. ನಮ್ಮ ಊರುಗಳಲ್ಲಿ ಬಡ್ಡಿಯನ್ನು ರೂಪಾಯಿಯಲ್ಲೇ ಹೇಳುವುದು. ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ ಅಂದರೆ ಅಜ್ಜಿ ಕೂಡ 'ಅಯ್ಯೋ, ಯಾವ ಪಾಪಿ ಹತ್ರ ತಗೊಂಡೆಯೋ' ಅನ್ನುತ್ತಾಳೆ. ಮಾರ್ಕೆಟ್ಟಿನಲ್ಲಿ ಯಾರಾದರೂ ಕೈಸಾಲ ಕೊಟ್ಟು ಆ ದರ ವಸೂಲಿ ಮಾಡಿದರೆ ಅದು ಮೀಟರ್ ಬಡ್ಡಿ ದಂಧೆ. ಅದಕ್ಕೆಂದೇ ಕರ್ನಾಟಕದಲ್ಲಿ 2004ರಲ್ಲಿ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಬಂದಿದೆ. ಪೊಲೀಸರು ಹೋಗುತ್ತಾರೆ, ಪ್ರಾಮಿಸರಿ ನೋಟುಗಳ ಕಟ್ಟು ಹಿಡಿದು ಪತ್ರಿಕೆಗೆ ಫೋಟೊ ಕೊಡುತ್ತಾರೆ. ಅದೇ ಮೂರೂವರೆ ರೂಪಾಯಿ ಬಡ್ಡಿಗೆ ಒಂದು ಹೊಳೆಯುವ ಪ್ಲಾಸ್ಟಿಕ್ ಕಾರ್ಡು, ಏರ್‌ಪೋರ್ಟ್ ಲೌಂಜಿನಲ್ಲಿ ಒಂದು ಪ್ಲೇಟ್ ಉಪ್ಪಿಟ್ಟು, ಒಂದಿಷ್ಟು ರಿವಾರ್ಡ್ ಪಾಯಿಂಟ್ ಸೇರಿಸಿದರೆ ಅದಕ್ಕೆ 'ಪ್ರಿವಿಲೇಜ್' ಎಂದು ಹೆಸರು. ಮೀಟರ್ ಬಡ್ಡಿಯವರು ಪಾಪ, ಉಪ್ಪಿಟ್ಟು ಕೊಡುವುದನ್ನು ಕಲಿಯಲಿಲ್ಲ.

ಇದನ್ನು ಯಾರೂ ಪ್ರಶ್ನಿಸಲಿಲ್ಲ ಅಂತಲ್ಲ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಬಡ್ಡಿ ಎಷ್ಟಿರಬೇಕೆಂದು ಹೇಳುವುದು ಆಯೋಗದ ಕೆಲಸವಲ್ಲ, ಅದು ರಿಸರ್ವ್ ಬ್ಯಾಂಕಿನ ವ್ಯಾಪ್ತಿ ಎಂದಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ರಿಸರ್ವ್ ಬ್ಯಾಂಕು ಏನು ಮಾಡಿದೆ? ಬಡ್ಡಿ ವಿಪರೀತ ಇರಬಾರದು, ಅದರ ಮಿತಿಯನ್ನು ನೀವೇ ಹಾಕಿಕೊಳ್ಳಿ ಎಂದು ಬ್ಯಾಂಕುಗಳಿಗೆ ಹೇಳಿದೆ. ಹಾಕಿಕೊಂಡಿದ್ದಾರೆ ನೋಡಿ, ಮೂರೂವರೆ ರೂಪಾಯಿಗೆ. ಕೆಲವರು ಮೂರೂಮುಕ್ಕಾಲಕ್ಕೆ.

ಹಾಗಾದರೆ ಬಾಕಿ ಕಡಿಮೆ ಮಾಡಿಸಿಕೊಳ್ಳಲು ದಾರಿಯೇ ಇಲ್ಲವಾ ಎಂದರೆ, ಇದೆ. ಕಟ್ಟುವುದನ್ನು ನಿಲ್ಲಿಸಬೇಕು. ನಿಯತ್ತಾಗಿ ಕಟ್ಟುವವನು ಬಡ್ಡಿ ಒಂದು ರೂಪಾಯಿ ಇಳಿಸಿ ಎಂದು ಗೋಗರೆದರೂ ಕಸ್ಟಮರ್ ಕೇರಿನಲ್ಲಿ ಸಂಗೀತ ಮಾತ್ರ ಕೇಳಿಸುತ್ತದೆ. ತಿಂಗಳುಗಟ್ಟಲೆ ಕಟ್ಟದೆ ಕೂತವನಿಗೆ ಮಾತ್ರ ಅವರೇ ಫೋನ್ ಮಾಡುತ್ತಾರೆ. ಮೊದಲು ಬೈಗುಳ. ಬೆಳಗ್ಗೆ 8ರ ಮುಂಚೆ, ಸಂಜೆ 7ರ ಮೇಲೆ ವಸೂಲಿಯವರು ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ನಿಯಮ ಮಾಡಿರುವುದರಿಂದ ಆಫೀಸಿನ ಮೀಟಿಂಗ್ ನಡುವೆ ಬೈಗುಳ. ಆಮೇಲೆ ಧ್ವನಿ ಮೆತ್ತಗಾಗುತ್ತದೆ. 'ಸರ್, ಒಂದೇ ಸಲ ಕಟ್ಟೋದಾದ್ರೆ ಅರ್ಧಕ್ಕೆ ಮುಗಿಸಿಕೊಡ್ತೀವಿ.' ಇಲ್ಲವೇ ಲೋಕ ಅದಾಲತ್‌ನಿಂದ ಕಾಗದ ಬರುತ್ತದೆ, ಅಲ್ಲೂ ರಾಜಿಯ ಮಾತೇ. ಅರ್ಧಕ್ಕೆ ಮುಗಿಸಿಕೊಂಡರೆ ರಿಪೋರ್ಟಿನಲ್ಲಿ 'ಸೆಟಲ್ಡ್' ಎಂದು ಮುದ್ರೆ ಬೀಳುತ್ತದೆ. ಮುಂದೆ ವರ್ಷಗಟ್ಟಲೆ ಯಾರೂ ಸಾಲ ಕೊಡುವುದಿಲ್ಲ. ಪೂರ್ತಿ ಕಟ್ಟುತ್ತೇನೆ ಅಂದವನಿಗೂ ಸಾಲ ಇಲ್ಲ, ಅರ್ಧ ಕಟ್ಟಿದವನಿಗೂ ಇಲ್ಲ. ವ್ಯತ್ಯಾಸ ಇಷ್ಟೇ, ಎರಡನೆಯವನ ಕೈಯಲ್ಲಿ ಇನ್ನರ್ಧ ದುಡ್ಡು ಉಳಿದಿರುತ್ತದೆ.

ದೊಡ್ಡವರ ರಾಜಿಗೆ ಇಷ್ಟೆಲ್ಲ ಕಷ್ಟವಿಲ್ಲ. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಶಕ್ತಿ ಇದ್ದೂ ಬೇಕಂತಲೇ ಸಾಲ ಕಟ್ಟದ 'ವಿಲ್‌ಫುಲ್ ಡಿಫಾಲ್ಟರ್'ಗಳ ಜೊತೆಗೂ ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು. 2021ರಲ್ಲಿ ವಿಡಿಯೊಕಾನ್ ಕಂಪನಿಗಳ ಸುಮಾರು 64 ಸಾವಿರ ಕೋಟಿ ರೂಪಾಯಿ ಬಾಕಿಗೆ 3 ಸಾವಿರ ಕೋಟಿಗೂ ಕಡಿಮೆ ಕೊಡುವ ಯೋಜನೆಗೆ ಸಾಲ ಕೊಟ್ಟವರೇ ಕೈ ಎತ್ತಿದ್ದರು. ಕಂಪನಿ ಕಾನೂನು ನ್ಯಾಯಮಂಡಳಿಯೂ ಹುಬ್ಬೇರಿಸುತ್ತಲೇ ಒಪ್ಪಿಗೆ ಕೊಟ್ಟಿತ್ತು. ಮುಂದಿನ ವರ್ಷ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು, ಆ ಮಾತು ಬೇರೆ. ನೂರಕ್ಕೆ ಐದು ರೂಪಾಯಿ ಕೊಟ್ಟರೆ ಸಾಕು ಎನ್ನುವ ಉದಾರ ಮನಸ್ಸು ಬ್ಯಾಂಕುಗಳಿಗೂ ಇದೆ ಅಂತ ಗೊತ್ತಾಯಿತಲ್ಲ, ನಮಗೆ ಅಷ್ಟೇ ಸಾಕು.

ವಿಡಿಯೊಕಾನ್ ರಾಜಿ ನಡೆದದ್ದು 2016ರ ದಿವಾಳಿ ಸಂಹಿತೆಯಡಿ. ಕಂಪನಿಯನ್ನು ಅದರಡಿ ಎಳೆಯಬೇಕಾದರೆ ಕನಿಷ್ಠ ಒಂದು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿರಬೇಕು. ಸಾಮಾನ್ಯ ಮನುಷ್ಯರಿಗೂ ಅದೇ ಸಂಹಿತೆಯಲ್ಲಿ ಒಂದು ಭಾಗ ಬರೆದಿಟ್ಟಿದ್ದಾರೆ. ಬರೆದಿದ್ದಾರೆ, ಜಾರಿ ಮಾಡಿಲ್ಲ. 2019ರಲ್ಲಿ ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗೆ ಮಾತ್ರ ಬಾಗಿಲು ತೆರೆದರು. ಕಾರ್ಡಿನವರು ಈಗಲೂ ಬ್ರಿಟಿಷರು ಮಾಡಿಟ್ಟ 1920ರ ಪ್ರಾಂತೀಯ ದಿವಾಳಿ ಕಾಯ್ದೆ ಹಿಡಿದು ಜಿಲ್ಲಾ ನ್ಯಾಯಾಲಯಕ್ಕೇ ಹೋಗಬೇಕು. ಆ ಕಾಯ್ದೆಯಲ್ಲಿ ದಿವಾಳಿ ಅರ್ಜಿ ಹಾಕಲು ಸಾಲ ಎಷ್ಟಿರಬೇಕು ಗೊತ್ತಾ? 500 ರೂಪಾಯಿ. ಕಾರ್ಡಿನ ಒಂದು ತಿಂಗಳ ಜಿಎಸ್‌ಟಿಯಲ್ಲೇ ನೀವು ಅರ್ಹತೆ ಪಡೆದಿರುತ್ತೀರಿ. ಬ್ಯಾಂಕು ಕೊಡದ ಅರ್ಹತೆಯನ್ನು ಬ್ರಿಟಿಷರು ನೂರು ವರ್ಷದ ಹಿಂದೆಯೇ ಕೊಟ್ಟು ಹೋಗಿದ್ದಾರೆ.

ಹಾಗಂತ ಯಾರೂ ಅಲ್ಲಿಗೆ ಹೋಗುವುದಿಲ್ಲ ಬಿಡಿ. ಕೊನೆಗೆ ಜನ ತೆರೆಯುವುದು ಮನೆಯ ಬೀರುವನ್ನು. ಹೆಂಡತಿಯ ಬಳೆ ಹೊರಗೆ ಬರುತ್ತದೆ. ಅದೇ ಬ್ಯಾಂಕು, ಅದೇ ಬ್ರಾಂಚು, ಎರಡು ಕೌಂಟರ್ ಆಚೆ. ಸ್ಕೋರಿನ ಪ್ರಶ್ನೆ ಹೆಚ್ಚುಕಡಿಮೆ ಬರುವುದೇ ಇಲ್ಲ. ಅಕ್ಕಸಾಲಿಗರು ಕಲ್ಲಿಗೆ ಉಜ್ಜಿ ನೋಡುತ್ತಾರೆ, ತೂಕ ಹಾಕುತ್ತಾರೆ, ಮಧ್ಯಾಹ್ನದೊಳಗೆ ದುಡ್ಡು ಅಕೌಂಟಿಗೆ. ಬಡ್ಡಿ ಕಾರ್ಡಿನದರ ಕಾಲು ಭಾಗದ ಆಸುಪಾಸು. ಮನುಷ್ಯನನ್ನು ಉಜ್ಜಿ ನೋಡುವ ಕಲ್ಲು ಅವರ ಹತ್ತಿರ ಇಲ್ಲ, ಅಷ್ಟೇ. ಬಳೆ ಇಲ್ಲದವರು ಹಳೇ ಎಲ್‌ಐಸಿ ಪಾಲಿಸಿ ಹುಡುಕುತ್ತಾರೆ, ಅದರ ಮೇಲೂ ಸಾಲ ಸಿಗುತ್ತದೆ. ಎಂಎಸ್‌ಐಎಲ್ ಚೀಟಿ ಹಾಕಿದವರು ಈ ತಿಂಗಳು ಹೇಗಾದರೂ ಚೀಟಿ ಎತ್ತಬೇಕು ಎಂದು ಶ್ಯೂರಿಟಿಗೆ ಸರ್ಕಾರಿ ನೌಕರಿಯ ಷಡ್ಡಕನ ಮನೆಗೆ ಎಡತಾಕುತ್ತಾರೆ. 'ಭಾವ, ಒಂದು ಸೈನ್ ಅಷ್ಟೇ' ಅನ್ನುತ್ತಾರೆ. ಆ ಒಂದು ಸೈನ್ ಆದಮೇಲೆ ಎರಡು ಮನೆಯವರು ಯುಗಾದಿಗೆ ಸರಿಯಾಗಿ ಮಾತಾಡುವುದಿಲ್ಲ.

ಆಫೀಸಿನಲ್ಲಿ ನೌಕರರ ಪತ್ತಿನ ಸಹಕಾರ ಸಂಘ ಇದ್ದವರೇ ಪುಣ್ಯವಂತರು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಸಹಕಾರಿ ಸಂಘ ಕಟ್ಟಿದರು. ಸಿಸ್ಟಮ್ ಇರಲಿಲ್ಲ, 300ರಿಂದ 900ರವರೆಗಿನ ಸ್ಕೋರ್ ಇರಲಿಲ್ಲ. ಇವನು ಯಾರ ಮಗ, ಕಳೆದ ಸುಗ್ಗಿಯಲ್ಲಿ ತೀರಿಸಿದನಾ ಇಲ್ಲವಾ ಎನ್ನುವುದು ಊರಿಗೆ ಗೊತ್ತಿತ್ತು. ಇವತ್ತು ಬ್ಯಾಂಕಿಗೆ ನೀವು ಯಾವ ಹೋಟೆಲಿನಲ್ಲಿ ಯಾವ ರಾತ್ರಿ ಎಷ್ಟು ರೂಪಾಯಿ ಊಟ ಮಾಡಿದಿರಿ ಎಂಬುದು ಗೊತ್ತಿದೆ. ಆದರೂ ನಿಮ್ಮ ಪರಿಚಯ ಇಲ್ಲ.

ಇರಲಿ, ಹೇಗೋ ತೀರಿತು ಅಂತಿಟ್ಟುಕೊಳ್ಳಿ. ಬಿಲ್ಲಿನಲ್ಲಿದ್ದ ಪೂರ್ತಿ ಮೊತ್ತ ಕಟ್ಟಿ ದೇವರಿಗೆ ಕಾಯಿ ಒಡೆಸುವ ಮುಂಚೆ ಮುಂದಿನ ತಿಂಗಳ ಬಿಲ್ಲಿಗೆ ಕಾಯಿರಿ. ಬಿಲ್ ಆದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದರಲ್ಲಿ ಸಣ್ಣಗೆ ಕೂತಿರುತ್ತದೆ, ಜಿಎಸ್‌ಟಿ ಸಮೇತ. ಅದನ್ನೂ ಕಟ್ಟಿ, ಬಾಕಿ ಸೊನ್ನೆ ಮಾಡಿ, ಕಾರ್ಡ್ ಕ್ಲೋಸ್ ಮಾಡಿ ಎಂದು ಇಮೇಲ್ ಕಳಿಸಿ. ಬಾಯಿಮಾತಿನಲ್ಲಿ ಬೇಡ, ತಾರೀಖು ಇರಬೇಕು. ತಕ್ಷಣ ಫೋನ್ ಬರುತ್ತದೆ.

'ಸರ್, ಯಾಕೆ ಸರ್ ಕ್ಲೋಸ್ ಮಾಡಿಸ್ತಿದೀರಾ? ನೀವು ನಮ್ಮ ವ್ಯಾಲ್ಯೂಡ್ ಕಸ್ಟಮರ್. ಆ್ಯನುವಲ್ ಫೀ ತೆಗೆದುಹಾಕ್ತೀವಿ. ನಿಮಗೆ ಎರಡು ಲಕ್ಷ ಪರ್ಸನಲ್ ಲೋನ್ ಪ್ರೀ ಅಪ್ರೂವ್ಡ್ ಆಗಿದೆ ಸರ್.'

ಜಗಳ ಆಡಬೇಡಿ. ಪಾಪ, ಆ ಹುಡುಗಿಗೂ ಟಾರ್ಗೆಟ್ ಇದೆ. ಬೇಡಮ್ಮ ಎಂದು ಫೋನ್ ಇಟ್ಟು ಕ್ಯಾಲೆಂಡರ್ ತೆಗೆಯಿರಿ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕು ನಿಮಗೆ ಕೊಡಬೇಕು. ಕೊಡದಿದ್ದರೆ ಬ್ಯಾಂಕಿಗೆ ದೂರು, ಮೂವತ್ತು ದಿನ ಕಾದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. ಏಳು ಕೆಲಸದ ದಿನ ಮುಗಿದ ಮರುದಿನದಿಂದ ಲೆಕ್ಕ ಬರೆದಿಡಿ. ಅವರು ಒಂದೇ ಸಲಕ್ಕೆ ಕೊಡಲು ಕಷ್ಟ ಅಂದರೆ ಮಿನಿಮಮ್ ಶೇ. 5 ಕೊಡಲಿ, ಉಳಿದದ್ದಕ್ಕೆ ಮೂರೂವರೆ ರೂಪಾಯಿ ಬಡ್ಡಿ ಹಾಕೋಣ.