ಮುಟ್ಟಿದರೆ ಸಾಕಂತೆ

ನನ್ನದು ನೋಕಿಯಾ 1100. 2003ರಲ್ಲಿ ಬಂದ ಬಟನ್ ಫೋನು. ತಲೆ ಮೇಲೊಂದು ಟಾರ್ಚು. ಬಟನ್ ಸಂದಿಗೆ ಧೂಳು ಹೋಗದ ಹಾಗೆ ರಬ್ಬರ್ ಹೊದಿಕೆ. ನಮ್ಮ ವಿಜಯಪುರದ ಬೇಸಿಗೆ ನೋಡಿಕೊಂಡೇ ಮಾಡಿದ್ದಾರೇನೋ ಅನ್ನಿಸುತ್ತಿತ್ತು. ಮೆಸೇಜಿನಲ್ಲಿ ಒಂದು ಎಸ್ ಬೇಕಂದ್ರೆ ಏಳರ ಬಟನ್ ನಾಲ್ಕು ಸಲ ಒತ್ತಬೇಕು. ಹಾಗೆ ಒತ್ತಿ ಒತ್ತಿ ನನ್ನ ಹೆಬ್ಬೆರಳು ಕಮ್ಮಾರನ ಸುತ್ತಿಗೆಯಾಗಿತ್ತು.

ಮಗ ಟಚ್ ಫೋನ್ ತಂದುಕೊಟ್ಟ. ಮೊದಲ ಪಾಠವೇ, "ಅಪ್ಪಾ, ಒತ್ತಬ್ಯಾಡ್ರಿ. ಮುಟ್ಟಿದ್ರ ಸಾಕು."

ಮುಟ್ಟಿದೆ. ಏನೂ ಆಗಲಿಲ್ಲ. ಉಗುರು ತಾಗಿಸಿದ್ದೆನಂತೆ. ಚರ್ಮದಲ್ಲಿ ಕರೆಂಟ್ ಹರಿಯುತ್ತದೆ, ಉಗುರಿನಲ್ಲಿ ಹರಿಯೋದಿಲ್ಲ, ಗಾಜಿಗೆ ಅದು ಗೊತ್ತಾಗುತ್ತದೆ ಅಂತ ಹೇಳಿದ. ಗಾಜಿಗೆ ಗೊತ್ತಾಗೋದು ನನಗೆ ಗೊತ್ತಾಗಲು ಎರಡು ದಿನ ಬೇಕಾಯಿತು.

ಮೂರನೇ ದಿನ ಅಂಗಡಿಯಲ್ಲಿ ಒಣದ್ರಾಕ್ಷಿ ತೂಗುತ್ತಿದ್ದೆ. ಕೈಯೆಲ್ಲ ಜಿಗಿಜಿಗಿ. ಬಸವನ ಬಾಗೇವಾಡಿಯಿಂದ ಅಕ್ಕನ ಫೋನು. ಹಸಿರು ಗುಂಡು ಕುಣಿಯುತ್ತಿದೆ. ಒತ್ತಿದೆ. ಇನ್ನೂ ಜೋರಾಗಿ ಒತ್ತಿದೆ. ಎರಡೂ ಹೆಬ್ಬೆರಳು ಇಟ್ಟು ಒತ್ತಿದೆ. ಎದುರಿಗೆ ನಿಂತ ಹುಡುಗನಿಗೆ ತಡೆಯಲಾಗಲಿಲ್ಲ.

"ಕಾಕಾ, ಮ್ಯಾಲ ಸರಸ್ರಿ!"

ತಕ್ಕಡಿ ಎತ್ತಿ ಮೇಲಿನ ಹಲಗೆಗೆ ಸರಿಸಿದೆ.

"ತಕ್ಕಡಿ ಅಲ್ರಿ, ಬಳ್ಳು!"

ಬೆರಳು ಸರಿಸಿದರೆ ದ್ರಾಕ್ಷಿಯ ಜಿಗಿಗೆ ಅದು ಗಾಜಿಗೇ ಅಂಟಿಕೊಂಡಿತು. ಫೋನು ಸುಮ್ಮನಾಯಿತು. ಮತ್ತೆ ಬಂತು, ಮತ್ತೆ ಹೋಯಿತು. ನಾನೇ ಮಾಡೋಣ ಅಂತ ಹೊರಟರೆ ಕ್ಯಾಮೆರಾ ತೆರೆದು ನನ್ನ ಮೂಗನ್ನೇ ತೋರಿಸಿತು. ಸುಮ್ನೆ ಗಲ್ಲೆಯಲ್ಲಿ ಹಾಕಿ ಮುಚ್ಚಿದೆ.

ಎರಡು ಗಂಟೆಗೆ ಊಟಕ್ಕೆ ಮನೆಗೆ ಹೋದರೆ ಕಟ್ಟೆ ಮೇಲೆ ಅಕ್ಕ! 40 ಚಿಲ್ಲರೆ ಕಿಲೋಮೀಟರ್ ಬಸ್ಸಿನಲ್ಲಿ ಬಂದು, ಚೀಲ ತೊಡೆ ಮೇಲಿಟ್ಟುಕೊಂಡು ಕೂತಿದ್ದಾಳೆ.

"ಹನ್ನೊಂದ್ ಸಲ ಮಾಡೀನಿ. ಯಾಕ ಎತ್ತವಲ್ಲಿ? ಜೀವ ಬಾಯಿಗೆ ಬಂದಿತ್ತು ನಂದು."

"ಏನ್ ಕೆಲಸ ಇತ್ತಕ್ಕಾ?"

"ಏನಿಲ್ಲ. ಹೊಸಾ ಫೋನ್ ತಗೊಂಡಿಯಂತಲ್ಲ, ಹೆಂಗೈತಿ ಕೇಳೂಣಂತ."

ಕೇಳೋಕೆ ಇಷ್ಟು ದೂರ ಬರಬೇಕಿತ್ತಾ ಅಂದೆ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಫೋನಿಗೆ ರೊಕ್ಕ ಬೀಳ್ತೈತಿ ಅಂದಳು. ಲೆಕ್ಕ ಸರಿಯೇ ಇತ್ತು. ಚೀಲದಿಂದ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಹೊರಗೆ ಬಂದವು. ನಿಜ ಹೇಳಬೇಕಂದ್ರೆ, ಫೋನ್ ಎತ್ತಿದ್ದರೆ ಇವು ಬರುತ್ತಿರಲಿಲ್ಲ.

ಸಂಜೆ ಬಸ್ ಹತ್ತುವಾಗ ಹೇಳಿ ಹೋದಳು: "ಒಂದ್ ರಿಂಗ್ ಕೊಡ್ತೀನಿ. ಅಂದ್ರ ಊರು ಮುಟ್ಟೀನಿ ಅಂತ. ಎತ್ತಬ್ಯಾಡ."

ಆಕೆ ಹೋದ ಮೇಲೆ ಮಗನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಫೋನ್ ಮಾಡಿಸಿಕೊಂಡೆ. ಹತ್ತು ಹನ್ನೆರಡು ಸಲ. ಕೈ ತೊಳೆದು, ಪಂಜೆಗೆ ಒರೆಸಿ, ಬೆರಳಿನ ಮೆತ್ತನೆ ಭಾಗದಿಂದ ಮೇಲಕ್ಕೆ ಸರಿಸೋದು. ಕೊನೆಗೂ ಪಳಗಿತು.

ಎಂಟರ ಸುಮಾರಿಗೆ ಫೋನು ಕುಣಿಯಿತು. ಒಂದೇ ಏಟಿಗೆ ಸರ್ ಅಂತ ಸರಿಸಿದೆ.

"ಅಕ್ಕಾ! ಎತ್ತಿದೆ!"

"ಎತ್ತಬ್ಯಾಡಂದಿದ್ನಲ್ಲೋ ಖೋಡಿ! ರೊಕ್ಕ ಹೊಂಟಾವ, ಇಡೋ!"

ಇಡೋದು ಹೇಗೆ ಅಂತ ಮಗ ಇನ್ನೂ ಕಲಿಸಿರಲಿಲ್ಲ. ಕೆಂಪು ಬಟನ್ ಹುಡುಕಿದರೆ ಪರದೆಯೆಲ್ಲ ಕಪ್ಪು. ತಾನೇ ಕಟ್ ಮಾಡಬಹುದು ಅನ್ನೋದು ಅಕ್ಕನಿಗೂ ಹೊಳೆಯಲಿಲ್ಲ. "ಇಡೋ, ಇಡೋ" ಅಂತ ಒಳಗಿಂದ ಕೂಗುತ್ತಲೇ ಇದ್ದಳು.