ಪುಸ್ತಕ ಕೊಡಬಹುದು, ವಾಪಸ್ ಪಡೆಯುವಂತಿಲ್ಲ

ಹೊರಗಿನ ಸ್ಟುಡಿಯೋದವರ ಕೈಗೆ ಆ್ಯಪ್ ಕೆಲಸ ಕೊಟ್ಟವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಅವರು ನಾವು ಹೇಳಿದ್ದನ್ನೇ ಮಾಡುತ್ತಾರೆ. ತೊಂದರೆ ಇರುವುದೇ ಅಲ್ಲಿ. 'ಇದನ್ನೂ ಬಾಯಿಬಿಟ್ಟು ಹೇಳಬೇಕಾ' ಅಂತ ನಾವು ಬಿಟ್ಟದ್ದು ಆ್ಯಪ್‌ನಲ್ಲಿ ಇರುವುದಿಲ್ಲ. ಕೇಳಿದರೆ ಸ್ಕೋಪ್‌ನಲ್ಲಿ ಇಲ್ಲ ಸರ್ ಅನ್ನುತ್ತಾರೆ. ಸ್ಕೋಪ್ ಅಂದರೆ ಏನೇನು ಮಾಡಬೇಕು ಅಂತ ಮೊದಲೇ ಬರೆದುಕೊಂಡ ದಾಖಲೆ. ತೆಗೆದು ನೋಡಿದರೆ ನಿಜಕ್ಕೂ ಇರುವುದಿಲ್ಲ.

ನಮ್ಮದೊಂದು ಓದುಗರ ಬಳಗ. ಒಬ್ಬರ ಮನೆಯ ಪುಸ್ತಕವನ್ನು ಇನ್ನೊಬ್ಬರು ಒಯ್ದು ಓದುತ್ತೇವೆ. ಸ್ವಲ್ಪ ದಿನಕ್ಕೆ ಯಾರಿಗೆ ಕೊಟ್ಟೆವು ಅಂತ ಕೊಟ್ಟವರು ಮರೆಯುತ್ತಾರೆ, ಯಾರಿಂದ ತಂದೆವು ಅಂತ ತಂದವರು ಮರೆಯುತ್ತಾರೆ. 'ನನ್ನ ಆ ದಪ್ಪ ಪುಸ್ತಕ ಯಾರ ಹತ್ತಿರ ಇದೆ?' ಅಂತ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಾಗ ಪ್ರಶ್ನೆ ಬರುತ್ತದೆ. ಉತ್ತರವಾಗಿ ಕೈಮುಗಿದ ಇಮೋಜಿಗಳು ಬರುತ್ತವೆ, ಪುಸ್ತಕ ಬರುವುದಿಲ್ಲ. ಇದಕ್ಕೊಂದು ಆ್ಯಪ್ ಇದ್ದರೆ ಹೇಗೆ ಅಂತ ಯಾರೋ ಅಂದರು. ಎಲ್ಲರೂ ಹೌದೌದು ಅಂದರು. ಸ್ಟುಡಿಯೋದವರ ಜೊತೆ ಮಾತಾಡುವ ಹೊಣೆ ನನಗೆ ಬಿತ್ತು. ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂರುತ್ತೇನಂತೆ, ಅದಕ್ಕೆ. ಕೂತು ಬರೆಯುವುದು ಬರೀ ಜಮಾ ಖರ್ಚು. ಅದನ್ನು ಯಾರೂ ವಿಚಾರಿಸಲಿಲ್ಲ.

ಸ್ಟುಡಿಯೋದ ಕಡೆಯಿಂದ ಮೂವರು. ಪ್ರಾಜೆಕ್ಟ್ ಮ್ಯಾನೇಜರ್, ಡಿಸೈನರ್, ಡೆವಲಪರ್. ಡೆವಲಪರ್ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ವಿಡಿಯೋ ಕಾಲ್‌ನಲ್ಲಿ ಅವರ ಹೆಸರಿನ ಮೊದಲ ಅಕ್ಷರ ಒಂದು ನೇರಳೆ ಬಣ್ಣದ ದುಂಡು ಚುಕ್ಕಿಯೊಳಗೆ ಕಾಣುತ್ತಿತ್ತು. ನಾವು ಏನು ಕೇಳಿದರೂ ಮ್ಯಾನೇಜರ್ ಆ ಚುಕ್ಕಿಯ ಕಡೆ ತಿರುಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಚುಕ್ಕಿ 'ಮಾಡಬಹುದು' ಅನ್ನುತ್ತಿತ್ತು. ಯಾವಾಗ ಅಂತ ಕೇಳಿದರೆ ಮ್ಯೂಟ್ ಆಗುತ್ತಿತ್ತು.

ಮೊದಲ ಸಭೆಯಲ್ಲೇ ಮ್ಯಾನೇಜರ್ ಕೇಳಿದರು, "ನಿಮ್ಮ ಬಳಕೆದಾರ ಯಾರು ಸರ್?"

"ನಾವೇ" ಅಂದೆ.

ಅದು ಅವರಿಗೆ ಸಾಲಲಿಲ್ಲ. ಮುಂದಿನ ಸಭೆಗೆ ಅವರೇ ಒಬ್ಬನನ್ನು ಹುಟ್ಟಿಸಿಕೊಂಡು ಬಂದರು. ಸ್ಲೈಡ್ ಮೇಲೆ ನಗುಮುಖದ ಫೋಟೊ. ವಯಸ್ಸು 34. ಪ್ರವಾಸ ಅಂದರೆ ಪ್ರಾಣ. ಓದಲು ಪುರುಸೊತ್ತು ಸಿಗುವುದಿಲ್ಲ ಅನ್ನುವುದೇ ಅವನ ಕೊರಗು. ಅವನಿಗೆ 'ಬಿಡುವಿಲ್ಲದ ಓದುಗ' ಅಂತ ಹೆಸರಿಟ್ಟಿದ್ದರು. ಇಂಥ ಕಲ್ಪನೆಯ ಬಳಕೆದಾರರಿಗೆ ಪರ್ಸೋನಾ ಅನ್ನುತ್ತಾರೆ. ಅಲನ್ ಕೂಪರ್ ಎಂಬ ಸಾಫ್ಟ್‌ವೇರ್ ವಿನ್ಯಾಸಕರು 1980ರ ದಶಕದಲ್ಲೇ ಹೀಗೆ ಪಾತ್ರ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. 1990ರ ದಶಕದ ಕೊನೆಯ ಹೊತ್ತಿಗೆ ಅವರು ಅದರ ಬಗ್ಗೆ ಬರೆದ ಮೇಲೆ ಪದ್ಧತಿ ಎಲ್ಲ ಕಡೆ ಹಬ್ಬಿತು. ಆದರೆ ಕೂಪರ್ ಮೊದಲು ನಿಜವಾದ ಜನರನ್ನು ಮಾತಾಡಿಸಿ, ಆಮೇಲೆ ಪಾತ್ರ ಕಟ್ಟುತ್ತಿದ್ದರು. ನಮ್ಮವರು ಮೊದಲನೆಯದನ್ನು ಬಿಟ್ಟು ನೇರ ಎರಡನೆಯದಕ್ಕೆ ಬಂದಿದ್ದರು.

ನಮ್ಮ ಬಳಗದಲ್ಲಿ ಅರ್ಧಕ್ಕರ್ಧ ನಿವೃತ್ತರು. ಬಿಡುವು ಬಿಟ್ಟರೆ ಅವರ ಹತ್ತಿರ ಬೇರೇನೂ ಇಲ್ಲ. ಆದರೂ ಅಲ್ಲಿಂದ ಮುಂದೆ ಎಲ್ಲ ತೀರ್ಮಾನವೂ ಆ 34ರ ಯಜಮಾನನದ್ದೇ. ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಅಂದರೆ, "ಬಿಡುವಿಲ್ಲದ ಓದುಗನಿಗೆ ಇಷ್ಟ ಆಗಲ್ಲ ಸರ್." ಫೋನ್ ನಂಬರ್ ಕಾಣೋ ಹಾಗೆ ಹಾಕಿ ಅಂದರೆ, "ಅವನು ಫೋನ್ ಮಾಡಲ್ಲ ಸರ್, ಚಾಟ್ ಮಾಡ್ತಾನೆ." ಬದುಕಿರುವ ಇಷ್ಟೊಂದು ಜನ ಒಂದು ಕಡೆ, ಹುಟ್ಟದೇ ಇರುವ ಅವನೊಬ್ಬ ಒಂದು ಕಡೆ. ಗೆದ್ದದ್ದೆಲ್ಲ ಅವನೇ.

ಡಿಸೈನ್ ಬಂತು. ಚೆಲುವಾಗಿತ್ತು, ಸುಳ್ಳು ಹೇಳಬಾರದು. ಆದರೆ ಡಿಸೈನ್‌ನಲ್ಲಿ ಎಲ್ಲ ಪುಸ್ತಕಗಳ ಹೆಸರೂ ಎರಡೇ ಪದ. ಎಲ್ಲ ಮುಖಪುಟಗಳೂ ಒಂದೇ ಅಳತೆ. ಸದಸ್ಯರೆಲ್ಲ ಸಿನಿಮಾ ನಟರ ಹಾಗೆ ಇದ್ದರು. ನಿಜವಾದ ಹೆಸರುಗಳನ್ನು ತುಂಬಿದ ದಿನ ಅರ್ಧ ಹೆಸರುಗಳು ಮೂರು ಚುಕ್ಕಿಯಲ್ಲಿ ಮುಗಿದವು. ಸಂಪುಟ ಒಂದು, ಸಂಪುಟ ಎರಡು, ಸಂಪುಟ ಮೂರು ಎಲ್ಲಕ್ಕೂ ಒಂದೇ ತಲೆ, ಒಂದೇ ಮೂರು ಚುಕ್ಕಿ. ಯಾವುದು ಯಾವ ಸಂಪುಟ ಅಂತ ತಿಳಿಯಲು ಒತ್ತಿಯೇ ನೋಡಬೇಕು.

ಅದಕ್ಕಿಂತ ದೊಡ್ಡ ಅನಾಹುತ ಬಟನ್‌ಗಳಲ್ಲಿ ಆಗಿತ್ತು. 'ನನ್ನ ಪುಸ್ತಕ' ಅಂತ ಇರಬೇಕಾದ ಕಡೆ 'ನನ ಪುಸಕ' ಅಂತ ಇತ್ತು. 'ಎಲ್ಲ ಪುಸ್ತಕ' ಅನ್ನುವುದು 'ಎಲ ಪುಸಕ' ಆಗಿತ್ತು. ಕಣ್ಣಿಗೆ ಹತ್ತಿರ ಹಿಡಿದು ನೋಡಿದಾಗ ಕಾರಣ ಗೊತ್ತಾಯಿತು. ಬಟನ್‌ನ ಕೆಳಗಿನ ಅಂಚು ಒತ್ತಕ್ಷರಗಳನ್ನು ನೀಟಾಗಿ ಕತ್ತರಿಸಿ ಹಾಕಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿದ್ದರು. ಅಲ್ಲಿ ಜಿ, ವೈ ಮುಂತಾದವುಗಳ ಸಣ್ಣ ಬಾಲ ಬಿಟ್ಟರೆ ಸಾಲಿನ ಕೆಳಗೆ ಇಳಿಯುವುದು ಏನೂ ಇಲ್ಲ. ನಮ್ಮಲ್ಲಿ ಇಡೀ ಒಂದು ವ್ಯಂಜನವೇ ಕೆಳಮನೆಯಲ್ಲಿ ವಾಸ ಮಾಡುತ್ತದೆ. ಡಿಸೈನರ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕೇಳಿದಾಗ ಬಹಳ ಮುಗ್ಧವಾಗಿ ಹೇಳಿದರು, "ಕೆಳಗೆ ಇರೋದು ಅಲಂಕಾರ ಅಂದುಕೊಂಡೆ ಸರ್. ತೆಗೆದರೆ ಕ್ಲೀನ್ ಕಾಣುತ್ತೆ ಅಲ್ವಾ?"

ಕ್ಲೀನ್ ಏನೋ ಕಾಣುತ್ತಿತ್ತು.

ಇಷ್ಟೆಲ್ಲ ಆಗುತ್ತಿದ್ದಾಗ ಬಳಗದ ಗುಂಪಿನಲ್ಲಿ ಚರ್ಚೆ ನಡೆದದ್ದು ಬಟನ್ ಹಸಿರೋ ನೀಲಿಯೋ ಎಂಬುದರ ಮೇಲೆ. ಪಾರ್ಕಿನ್‌ಸನ್ ಎಂಬ ಬ್ರಿಟಿಷ್ ಲೇಖಕ 1957ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅವರ ಕಲ್ಪನೆಯ ಸಮಿತಿಯೊಂದು ಅಣು ಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಶೆಡ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತದೆ. ಅಣು ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮಲ್ಲಿ ಹಸಿರಿನವರು, ನೀಲಿಯವರು ಅಂತ ಎರಡು ಬಣ ಆಗಿ, ಒಬ್ಬರು ಗುಂಪು ಬಿಟ್ಟು ಹೋಗಿ, ಅವರನ್ನು ಸಮಾಧಾನ ಮಾಡಿ ಕರೆತಂದು, ಕೊನೆಗೆ ಬಿಡುವಿಲ್ಲದ ಓದುಗನ ಇಚ್ಛೆಯಂತೆ ಬಟನ್ ಕಿತ್ತಳೆ ಬಣ್ಣದ್ದಾಯಿತು.

ನಮ್ಮ ಅಣು ಸ್ಥಾವರ ಅಂದರೆ ಸ್ಕೋಪ್ ದಾಖಲೆ. ಅದು ಉದ್ದನೆಯ ಪಿಡಿಎಫ್. 'ಸದಸ್ಯರು ಪುಸ್ತಕ ಸೇರಿಸಬಹುದು. ಹುಡುಕಬಹುದು. ಎರವಲು ಕೇಳಬಹುದು. ಮಾಲೀಕರು ಒಪ್ಪಬಹುದು ಅಥವಾ ನಿರಾಕರಿಸಬಹುದು.' ಎಲ್ಲರಿಗೂ ಕಳಿಸಿದೆವು. ಎಲ್ಲರೂ ಹೆಬ್ಬೆಟ್ಟು ತೋರಿಸಿದರು. ಮೊದಲ ಡೆಮೊದಲ್ಲಿ ಮ್ಯಾನೇಜರ್ ಒಂದು ಪುಸ್ತಕ ಕೇಳಿದರು, ಇನ್ನೊಂದು ಫೋನ್‌ನಲ್ಲಿ ತಾವೇ ಒಪ್ಪಿದರು, ಪರದೆ ಮೇಲೆ ಬಣ್ಣದ ಕಾಗದದ ಚೂರುಗಳು ಹಾರಿದವು. ನಾವು ಚಪ್ಪಾಳೆ ತಟ್ಟಿದೆವು.

ನಮ್ಮ ಬಳಗದ ಹಿರಿಯರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಮಾತ್ರ ಕೇಳಿದರು, "ವಾಪಸ್ ಕೊಡೋದು ಎಲ್ಲಪ್ಪಾ?"

ಎಲ್ಲರೂ ಪರದೆ ನೋಡಿದೆವು. ಮ್ಯಾನೇಜರ್ ಪಿಡಿಎಫ್ ನೋಡಿದರು. ನೇರಳೆ ಚುಕ್ಕಿ ಮ್ಯೂಟ್ ತೆಗೆದು, "ವಾಪಸ್ ಇಲ್ಲ" ಅಂದಿತು.

ಅಷ್ಟು ಜನ ಓದುಗರು ಓದಿದ ದಾಖಲೆಯಲ್ಲಿ ವಾಪಸ್ ಎಂಬ ಮಾತೇ ಇರಲಿಲ್ಲ. "ಅದು ಹೊಸ ಫೀಚರ್ ಸರ್. ಎರಡನೇ ಹಂತದಲ್ಲಿ ಹಾಕೋಣ" ಅಂದರು ಮ್ಯಾನೇಜರ್. ಒಂದು ಬಟನ್ ಹಾಕೋಕೆ ಎರಡನೇ ಹಂತ ಯಾಕೆ ಅಂತ ನಾನು ಜಗಳ ತೆಗೆದೆ. ಆಗ ಚುಕ್ಕಿ ಮೊದಲ ಸಲ ಉದ್ದಕ್ಕೆ ಮಾತಾಡಿತು. ವಾಪಸ್ ಬಂತು ಅಂತ ಒತ್ತಬೇಕಾದವರು ಯಾರು, ಕೊಟ್ಟವರೋ ತಂದವರೋ? ಒಬ್ಬರು ಬಂತು ಅಂದು ಇನ್ನೊಬ್ಬರು ಇಲ್ಲ ಅಂದರೆ? ತಂದವರು ಮಾಲೀಕರಿಗೆ ಹೇಳದೆ ಮೂರನೆಯವರಿಗೆ ದಾಟಿಸಿದ್ದರೆ? ಪುಟ ಹರಿದಿದ್ದರೆ? ಇದಕ್ಕೆಲ್ಲ ಒಂದೊಂದು ಸ್ಥಿತಿ ಬರೆಯಬೇಕು, ಒಂದೊಂದು ನೋಟಿಫಿಕೇಶನ್ ಬರೆಯಬೇಕು ಅಂದಿತು. ಕೇಳಿ ನನ್ನ ಸಿಟ್ಟು ಇಳಿಯಿತು. ನಮ್ಮ ಬಳಗದ ಎಲ್ಲ ಹಳೆಯ ಜಗಳಗಳನ್ನೂ ಆ ಮನುಷ್ಯ ನಮ್ಮನ್ನು ಒಮ್ಮೆಯೂ ನೋಡದೆ ಸರಿಯಾಗಿ ಹೇಳಿದ್ದರು.

"ಇರಲಿ ಬಿಡಿ, ಈಗಲೂ ಯಾರೂ ವಾಪಸ್ ಕೊಡಲ್ಲ" ಅಂದರು ಇನ್ನೊಬ್ಬ ಸದಸ್ಯರು. ಅದೇ ತೀರ್ಮಾನವಾಯಿತು.

ಆಮೇಲೆ ಎಷ್ಟು ಮುಗಿದಿದೆ ಅಂತ ಯಾವಾಗ ಕೇಳಿದರೂ 90 ಶೇಕಡಾ ಅನ್ನುವ ಕಾಲ ಬಂತು. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೇಳಿದ ಮಾತೊಂದು 1985ರಲ್ಲಿ ಅಚ್ಚಾಗಿತ್ತು. ಮೊದಲ 90 ಶೇಕಡಾ ಕೋಡ್ ಬರೆಯಲು 90 ಶೇಕಡಾ ಸಮಯ ಹಿಡಿಯುತ್ತದೆ, ಉಳಿದ 10 ಶೇಕಡಾಕ್ಕೆ ಇನ್ನೊಂದು 90 ಶೇಕಡಾ ಸಮಯ ಹಿಡಿಯುತ್ತದೆ ಅಂತ. ನಾನು ಲೆಕ್ಕದವನು, ಕೂಡಿದರೆ 180 ಆಗುತ್ತದೆ. ನಮ್ಮ ಆ್ಯಪ್ ಅಲ್ಲಿಗೂ ನಿಲ್ಲಲಿಲ್ಲ.

ಒಂದು ರಾತ್ರಿ, ಎಲ್ಲರೂ ಮಲಗಿದ ಹೊತ್ತು, ಇಡೀ ಬಳಗದ ಫೋನ್‌ಗಳು ಒಟ್ಟಿಗೆ ಕಿಣಿಕಿಣಿ ಅಂದವು. 'ಟೆಸ್ಟ್ ಟೆಸ್ಟ್ ದಯವಿಟ್ಟು ಬಾ.' ಡೆವಲಪರ್ ನೋಟಿಫಿಕೇಶನ್ ಪರೀಕ್ಷೆ ಮಾಡುತ್ತಿದ್ದರಂತೆ. ಬರುತ್ತಿಲ್ಲ ಅಂತ ಬೇಡಿಕೊಂಡಿದ್ದರು, ಎಲ್ಲರಿಗೂ ಬಂತು. ಬೆಳಿಗ್ಗೆ ಗುಂಪಿನಲ್ಲಿ ಗದ್ದಲವೋ ಗದ್ದಲ. ಒಬ್ಬರು ಅದಕ್ಕೆ 'ಯಾರು? ಎಲ್ಲಿಗೆ?' ಅಂತ ಉತ್ತರ ಬರೆಯಲು ಅರ್ಧ ಗಂಟೆ ಜಾಗ ಹುಡುಕಿದ್ದರು. 2021ರ ಜೂನ್‌ನಲ್ಲಿ, ಆನ್‌ಲೈನ್‌ನಲ್ಲಿ ಸಿನಿಮಾ ತೋರಿಸುವ ಎಚ್‌ಬಿಒ ಮ್ಯಾಕ್ಸ್‌ನವರು ಪರೀಕ್ಷೆಯ ಇಮೇಲ್ ಒಂದನ್ನು ತಮ್ಮ ಚಂದಾದಾರರಿಗೇ ಕಳಿಸಿ, ಹೌದು, ಅದು ಕೆಲಸ ಕಲಿಯಲು ಬಂದ ನಮ್ಮ ಇಂಟರ್ನ್ ಕೆಲಸ ಅಂತ ಟ್ವೀಟ್ ಮಾಡಿದ್ದರು. ನಮ್ಮ ಸ್ಟುಡಿಯೋದಲ್ಲಿ ಇಂಟರ್ನ್ ಕೂಡ ಇರಲಿಲ್ಲ, ಇದ್ದದ್ದು ಚುಕ್ಕಿ ಒಂದೇ.

ಇನ್ನು ಸ್ಟೋರ್‌ಗೆ ಹಾಕುವ ಕೆಲಸ. ನಮ್ಮ ಬಳಗ ಎಲ್ಲೂ ನೋಂದಣಿ ಆಗಿಲ್ಲ, ಹಾಗಾಗಿ ಗೂಗಲ್ ಪ್ಲೇ ಖಾತೆಯನ್ನು ವೈಯಕ್ತಿಕ ಹೆಸರಲ್ಲೇ ತೆರೆದೆವು. 2023ರ ನವೆಂಬರ್ 13ರ ನಂತರ ತೆರೆದ ಇಂಥ ಖಾತೆಗಳಿಗೆ ಒಂದು ನಿಯಮ ಇದೆ. ಆ್ಯಪ್ ಬಿಡುಗಡೆಗೆ ಮುಂಚೆ ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷಕರಾಗಿ ಇರಬೇಕು. ಮೊದಲು 20 ಜನ ಬೇಕಿತ್ತು, 2024ರ ಕೊನೆಯಲ್ಲಿ ಇಳಿಸಿದರು. ಗೂಗಲ್‌ನಲ್ಲೂ ಯಾರೋ ಓದುಗರ ಬಳಗ ನಡೆಸಿರಬೇಕು. ಸರಿಯಾಗಿ 12 ಜನರನ್ನು ಕಾಡಿ ಬೇಡಿ ಸೇರಿಸಿದೆವು. ಒಬ್ಬರು ಎರಡು ದಿನ ಆ್ಯಪ್ ಬಳಸಿ, 'ಟೆಸ್ಟ್ ಮಾಡಿ ಆಯ್ತಲ್ಲ' ಅಂತ ಪರೀಕ್ಷೆಯಿಂದ ಹೊರಡುವ ಬಟನ್ ಒತ್ತಿಬಿಟ್ಟರು. ಪರೀಕ್ಷಕರು 11 ಆದರು. ಅವರನ್ನು ಮತ್ತೆ ಒಳಗೆ ತಂದು ಕೂರಿಸುವ ಹೊತ್ತಿಗೆ ಇನ್ನೊಬ್ಬರು ಫೋನ್ ಬದಲಾಯಿಸಿ, ಅದರ ಜೊತೆ ಗೂಗಲ್ ಖಾತೆಯನ್ನೂ ಬದಲಾಯಿಸಿದ್ದರು.

ಆಪಲ್ ಕಡೆ ಇನ್ನೊಂದು ಕಥೆ. ಸಲ್ಲಿಸಿದ ಆ್ಯಪ್‌ಗಳಲ್ಲಿ 90 ಶೇಕಡಾವನ್ನು 24 ಗಂಟೆಯೊಳಗೆ ನೋಡುತ್ತೇವೆ ಅಂತ ಆಪಲ್ ಹೇಳುತ್ತದೆ. ನಮ್ಮದನ್ನೂ ನೋಡಿದರು, ತಿರಸ್ಕರಿಸಿದರು. ಲಾಗಿನ್‌ಗೆ ಸದಸ್ಯರ ಫೋನ್‌ಗೆ ಓಟಿಪಿ ಬರಬೇಕು. ಪರಿಶೀಲಕರ ಹತ್ತಿರ ನಮ್ಮ ಸದಸ್ಯರ ಫೋನ್ ಎಲ್ಲಿಂದ ಬರಬೇಕು? ಪರಿಶೀಲನೆಗೆ ಅಂತ ಡೆಮೊ ಖಾತೆ ಕೊಡಬೇಕು ಅಂತ ನಿಯಮದಲ್ಲೇ ಇದೆ. ಸ್ಟುಡಿಯೋದವರು ಅವಸರದಲ್ಲಿ 'ಆಪಲ್ ಡೆಮೊ' ಅಂತ ಒಂದು ಖಾತೆ ಮಾಡಿ ಕೊಟ್ಟರು. ನಮ್ಮ ನಿಜವಾದ ಪುಸ್ತಕಗಳಿರುವ ಜಾಗಕ್ಕೇ.

ಮರುದಿನ ಮೇಷ್ಟ್ರ ಫೋನ್‌ಗೆ ಬಂತು: 'ಆಪಲ್ ಡೆಮೊ ನಿಮ್ಮ ಪುಸ್ತಕ ಕೇಳಿದ್ದಾರೆ.' ಹಳಗನ್ನಡ ವ್ಯಾಕರಣದ ಪುಸ್ತಕ ಅದು. ಅವರ ಜೀವಮಾನದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಒಪ್ಪಿಗೆ ಒತ್ತಿದರು. ಕಾಗದದ ಚೂರುಗಳು ಹಾರಿದವು. ಪುಸ್ತಕಕ್ಕೆ ಹೊಸ ರಟ್ಟು ಹಾಕಿ, ವಿಭಕ್ತಿಗಳ ಪ್ರಯೋಗ ಇರುವ ಪುಟಕ್ಕೆ ಗುರುತಿಟ್ಟು, ನನಗೆ ಫೋನ್ ಮಾಡಿದರು. "ಯಾರೋ ಹೊರಗಿನವರು ಕಣಯ್ಯಾ, ಪಾಪ, ಆಸಕ್ತಿ ಇದೆ. ಯಾವಾಗ ಬರ್ತಾರೆ ಕೇಳು."

ನಾನು ಕೇಳಲಿಲ್ಲ. ಕೇಳುವುದು ಯಾರನ್ನು? ಆಪಲ್‌ನವರು ಇನ್ನೊಂದು ಸಲ ತಿರಸ್ಕರಿಸಿದರು. ಖಾತೆ ತೆರೆಯುವ ಆ್ಯಪ್‌ನಲ್ಲಿ ಖಾತೆ ಅಳಿಸುವ ದಾರಿಯೂ ಒಳಗೇ ಇರಬೇಕು, 2022ರ ಜೂನ್ 30ರಿಂದ ಇದು ಕಡ್ಡಾಯ. ನ್ಯಾಯವಾದ ನಿಯಮ. ಆದರೆ ನಮ್ಮ ಆ್ಯಪ್‌ನಲ್ಲಿ ಅದರ ಅರ್ಥ ಏನೆಂದರೆ, ಯಾರು ಬೇಕಾದರೂ ಐದು ಪುಸ್ತಕ ತಂದು, ಖಾತೆ ಅಳಿಸಿ, ಆರಾಮಾಗಿ ಇರಬಹುದು. ವಾಪಸ್ ಬಟನ್ ಇಲ್ಲ, ಮಾಯವಾಗುವ ಬಟನ್ ಇದೆ. ಸ್ಟುಡಿಯೋದವರು ಅದನ್ನು ಬೇಗನೇ ಮಾಡಿದರು, ಪರೀಕ್ಷೆ ಮಾಡಲು ಕೈಗೆ ಸಿಕ್ಕ ಒಂದು ಖಾತೆಯನ್ನು ಅಳಿಸಿದರು. ಅದು ಆಪಲ್ ಡೆಮೊ ಖಾತೆ. ಪರಿಶೀಲಕರಿಗೆ ಹೊಸದೊಂದು ಮಾಡಿ ಕೊಟ್ಟರು. ಅಂತೂ ಎರಡೂ ಕಡೆ ಆ್ಯಪ್ ಪಾಸಾಯಿತು.

ಈಗ ಮೇಷ್ಟ್ರ ವ್ಯಾಕರಣ ಪುಸ್ತಕ ಆ್ಯಪ್ ಪ್ರಕಾರ ಎರವಲು ಹೋಗಿದೆ. ಯಾರಿಗೆ ಅನ್ನುವ ಜಾಗ ಖಾಲಿ. ವಾಪಸ್ ಪಡೆಯುವುದು ಎರಡನೇ ಹಂತದಲ್ಲಿ. ಮೇಷ್ಟ್ರು ಸುಮ್ನೆ ಬಿಡುವವರಲ್ಲ. ಪ್ಲೇ ಸ್ಟೋರ್‌ಗೆ ಹೋಗಿ ಒಂದು ಸ್ಟಾರ್ ಕೊಟ್ಟು, ವಿರಾಮ ಚಿಹ್ನೆಗಳ ಸಮೇತ ಬರೆದರು: 'ನನ್ನ ಪುಸ್ತಕವು ನನ್ನ ಕಪಾಟಿನಲ್ಲಿಯೇ ಇದೆ; ಆದರೆ ಈ ಆ್ಯಪ್ ಇಲ್ಲವೆನ್ನುತ್ತಿದೆ.'

ಸ್ಟುಡಿಯೋದಿಂದ ತಕ್ಷಣ ಉತ್ತರ ಬಂತು. 'ಪ್ರಿಯ ಬಳಕೆದಾರರೇ, ತೊಂದರೆಗಾಗಿ ವಿಷಾದಿಸುತ್ತೇವೆ. ದಯವಿಟ್ಟು ಒಮ್ಮೆ ತೆಗೆದು ಮತ್ತೆ ಹಾಕಿ ನೋಡಿ.'

ಸಂಜೆ ಮೇಷ್ಟ್ರು ಫೋನ್ ಮಾಡಿದರು. "ಆ್ಯಪ್ ತೆಗೆದು ಮತ್ತೆ ಹಾಕಿದೆ ಕಣಯ್ಯಾ. ಯಾವುದಕ್ಕೂ ಇರಲಿ ಅಂತ ಪುಸ್ತಕವನ್ನೂ ಕಪಾಟಿನಿಂದ ತೆಗೆದು ಮತ್ತೆ ಇಟ್ಟೆ. ಎರಡರಿಂದಲೂ ಪ್ರಯೋಜನ ಆಗಲಿಲ್ಲ."